ಅಂಕ ಹಾಕುವವರಿಗೇ ಆಪ್ತಸಮಾಲೋಚನೆಯ ಹೊಣೆ ಬೇಡ

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ, ಮನಃಶಾಸ್ತ್ರಜ್ಞರಾದರೂ, ಸಮಾಜ ಕಾರ್ಯಕರ್ತರಾದರೂ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಆದೇಶಿಸಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಬಾಲಕಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಇದು. ಅದರ 15 ಮಾರ್ಗಸೂಚಿಗಳು, ಶಾಸನವೊಂದು ಬರುವವರೆಗೆ, ಇಡೀ ದೇಶಕ್ಕೆ ಅನ್ವಯಿಸುತ್ತವೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಆದೇಶ ಅವಸರದ್ದೆಂದು ಯಾರೂ ಹೇಳುವಂತಿಲ್ಲ.

ತಕರಾರು ಇರುವುದು ಜಾರಿಯ ಬಗ್ಗೆ. ಹೊಸ ಹುದ್ದೆಗೆ ಹಣವಿಲ್ಲ, ಇರುವ ಶಿಕ್ಷಕರಲ್ಲೇ ಒಬ್ಬರನ್ನು ಎರಡು–ಮೂರು ದಿನದ ತರಬೇತಿಗೆ ಕಳುಹಿಸಿ ನೋಡಲ್ ಶಿಕ್ಷಕರೆಂದು ಹೆಸರಿಸಿದರೆ ಸಾಕು ಎಂಬುದು ಒಂದು ವಾದ. ಈ ವಾದವನ್ನು ಒಪ್ಪಲಾಗದು. ಪ್ರಥಮ ಚಿಕಿತ್ಸೆ ಕಲಿತ ಬಸ್ ಕಂಡಕ್ಟರ್ ಗಾಯಕ್ಕೆ ಪಟ್ಟಿ ಕಟ್ಟಬಲ್ಲರೇ ಹೊರತು ಶಸ್ತ್ರಚಿಕಿತ್ಸೆ ಮಾಡಲಾರರು.

ಮೊದಲ ತೊಡಕು ನಂಬಿಕೆಯದು. ಬೆಳಿಗ್ಗೆ ಗಣಿತದ ಉತ್ತರಪತ್ರಿಕೆಗೆ ಅಂಕ ಹಾಕಿದವರ ಮುಂದೆ ಮಧ್ಯಾಹ್ನ ಅದೇ ಮಗು ಮನೆಯ ಜಗಳವನ್ನು ಬಿಚ್ಚಿಡುವುದಿಲ್ಲ. ಹಳ್ಳಿಯಲ್ಲಂತೂ ಮೇಷ್ಟರಿಗೆ ತಂದೆಯ ಪರಿಚಯವಿರುತ್ತದೆ. ಒಂಬತ್ತನೇ ತರಗತಿಯಲ್ಲೇ ಮದುವೆ ಗೊತ್ತಾಗಿರುವ ಹುಡುಗಿ ಆ ಪರಿಚಯಕ್ಕೇ ಹೆದರುತ್ತಾಳೆ. ಶಿಕ್ಷಕರು ಕೆಟ್ಟವರೆಂದಲ್ಲ. ಅಧಿಕಾರವೂ ಆಪ್ತತೆಯೂ ಒಂದೇ ಕುರ್ಚಿಯಲ್ಲಿ ಕೂರುವುದು ಕಷ್ಟ.

ಎರಡನೆಯದು ಕೌಶಲ. ತರಬೇತಿಯಿಲ್ಲದವರು ಕೇಳಿಸಿಕೊಳ್ಳುವ ಮೊದಲೇ ಬುದ್ಧಿ ಹೇಳತೊಡಗುತ್ತಾರೆ. ಯಾವುದನ್ನು ಗುಟ್ಟಾಗಿಡಬಹುದು, ಯಾವುದನ್ನು ಇಡಲಾಗದು ಎಂಬ ಗೆರೆಯೂ ಅವರಿಗೆ ಸ್ಪಷ್ಟವಿರುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮಗುವಿಗೆ ಮಾತುಕತೆಯ ಆರಂಭದಲ್ಲೇ, ಹೆದರಿಸದೆ, ಅದರ ಭಾಷೆಯಲ್ಲಿ ಹೇಳುವುದು ಅಭ್ಯಾಸದಿಂದಷ್ಟೇ ಬರುವ ವಿದ್ಯೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾಕ್ಕೆ ಒಂದು ವರ್ಷ ಹಿಡಿಯುವುದು ಸುಮ್ಮನೆ ಅಲ್ಲ. ಶಿಕ್ಷಕರೂ ಅದನ್ನು ಓದಬಹುದು. ಓದಿ ಬಂದವರನ್ನು ಪಾಠ, ಪರೀಕ್ಷೆಗಳಿಂದ ಬಿಡುಗಡೆ ಮಾಡಿ ಇದೇ ಕೆಲಸಕ್ಕೆ ಹಾಕುವುದಾದರೆ ಆಕ್ಷೇಪವಿಲ್ಲ. ಆದರೆ 2025ರ ದಸರಾ ರಜೆಯನ್ನು ವಿಸ್ತರಿಸಿ ಶಿಕ್ಷಕರನ್ನು ಜಾತಿ ಸಮೀಕ್ಷೆಗೆ ಮನೆಮನೆ ಸುತ್ತಿಸಿದ ರಾಜ್ಯದಲ್ಲಿ, ಅವರ ತಲೆಯ ಮೇಲೆ ಇನ್ನೊಂದು ಹೊರೆ ಇಡುವುದು ಮಕ್ಕಳಿಗೂ ಶಿಕ್ಷಕರಿಗೂ ಅನ್ಯಾಯ.

ಹಾಗೆಂದು ಸಿಬ್ಬಂದಿಗೆ ಪಾತ್ರವಿಲ್ಲವೆಂದಲ್ಲ. ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕಡ್ಡಾಯವೆಂದು ಕೋರ್ಟ್ ಹೇಳಿದೆ: ಸಂಕಟದ ಲಕ್ಷಣ ಗುರುತಿಸುವುದು, ಮೊದಲ ಗಳಿಗೆಯಲ್ಲಿ ಧೈರ್ಯ ತುಂಬುವುದು, ಸರಿಯಾದವರ ಬಳಿಗೆ ಕಳುಹಿಸುವುದು. ಊಟ ಬಿಡುತ್ತಿರುವ ಮಗು ಬಿಸಿಯೂಟದ ಅಡುಗೆಯವರ ಕಣ್ಣಿಗೆ ಮೊದಲು ಬೀಳುತ್ತದೆ. ಹಾಸ್ಟೆಲ್‌ನಲ್ಲಿ ನಿದ್ದೆಗೆಟ್ಟವರು ಯಾರೆಂದು ವಾರ್ಡನ್‌ಗೆ ಗೊತ್ತಿರುತ್ತದೆ. ಈ ತರಬೇತಿಗೆ ಬೇಕಾದ ಅನುಭವ ನಿಮ್ಹಾನ್ಸ್‌ನಲ್ಲಿದೆ. ಮಾಳವಿಕಾ ಕಪೂರ್ ಅಲ್ಲಿದ್ದುಕೊಂಡು ಶಾಲಾ ಮಾನಸಿಕ ಆರೋಗ್ಯಕ್ಕಾಗಿ ವರ್ಷಗಟ್ಟಲೆ ದುಡಿದರು. ಸಂಸ್ಥೆಯ ಜೀವನ ಕೌಶಲ ಪಠ್ಯಗಳೂ ಸಿದ್ಧವಾಗಿವೆ.

ಹಣದ ಪ್ರಶ್ನೆಗೆ 1964–66ರ ಕೊಠಾರಿ ಆಯೋಗವೇ ಉತ್ತರ ಕೊಟ್ಟಿತ್ತು: ಸುತ್ತಲಿನ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಮಾಲೋಚಕ. ಅರವತ್ತು ವರ್ಷವಾದರೂ ಅಷ್ಟನ್ನೂ ಮಾಡಲಾಗಿಲ್ಲ ಎಂಬುದು ನಾಚಿಕೆಯ ಸಂಗತಿ. ಇಂದಿನ ಆದೇಶಕ್ಕೆ ಅದು ಸಾಲದು, ಆದರೆ ಆರಂಭಕ್ಕೆ ದಾರಿಯಾದೀತು. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆ ಹೊರಗಿನ ತಜ್ಞರೊಂದಿಗೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕೆಂದು ತೀರ್ಪೇ ಹೇಳುತ್ತದೆ. ಹದಿಹರೆಯದವರ ಸ್ನೇಹ ಕ್ಲಿನಿಕ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು, 14416ರ ಟೆಲಿ–ಮಾನಸ್ ಈಗಾಗಲೇ ಇವೆ. ಶಾಲೆಯಿಂದ ಅಲ್ಲಿಗೆ ಮಗುವನ್ನು ಕರೆದೊಯ್ಯುವವರು ಯಾರು ಎಂಬುದಷ್ಟೇ ಎಲ್ಲೂ ಬರೆದಿಲ್ಲ. ಜಿಲ್ಲಾ ಕಾರ್ಯಕ್ರಮದ ಮಾದರಿ ಹುಟ್ಟಿದ್ದು 1980ರ ದಶಕದ ಬಳ್ಳಾರಿಯಲ್ಲಿ. ಕರ್ನಾಟಕಕ್ಕೆ ಇದು ಹೊಸ ದಾರಿಯಲ್ಲ.

ಹುದ್ದೆ ಕಾಯಂ ಆಗಬೇಕು. ಹತ್ತು ತಿಂಗಳ ಗುತ್ತಿಗೆಯಲ್ಲಿ ಪ್ರತಿ ಜೂನ್‌ಗೂ ಹೊಸ ಮುಖ ಬಂದರೆ ಕಳೆದ ವರ್ಷ ಬಾಯಿಬಿಟ್ಟ ಮಗು ಮತ್ತೆ ಮೌನಕ್ಕೆ ಜಾರುತ್ತದೆ. ಬಾಗಿಲು ಮುಚ್ಚಿ ಮಾತಾಡಬಹುದಾದ ಕೋಣೆ, ಬೀಗವಿರುವ ಕಪಾಟು, ತಿಂಗಳಿಗೊಮ್ಮೆ ಹಿರಿಯ ತಜ್ಞರ ಮೇಲ್ವಿಚಾರಣೆ ಬೇಕು. ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬ್ಯಾಚ್‌ಗಳಾಗಿ ಒಡೆಯುವುದು, ಎಲ್ಲರೆದುರು ಅವಮಾನಿಸುವುದು ಕೂಡದೆಂದು ಕೋರ್ಟ್ ಹೇಳಿದ್ದನ್ನು ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಗೆ ನೇರವಾಗಿ ನೆನಪಿಸುವ ಅಧಿಕಾರವೂ ಈ ಹುದ್ದೆಗೆ ಇರಬೇಕು. ಅದಕ್ಕಾಗಿ ಸಮಾಲೋಚಕರ ಕಾರ್ಯವರದಿ, ಸಂಬಳ, ವರ್ಗಾವಣೆ ಯಾವುದೂ ಆ ಶಾಲೆಯ ಮುಖ್ಯಸ್ಥರ ಕೈಯಲ್ಲಿರಬಾರದು. ಜಿಲ್ಲಾ ಮಟ್ಟದ ಪ್ರತ್ಯೇಕ ಘಟಕದಲ್ಲಿರಬೇಕು.