ಲೇತ್ ಹಳೆಯದಿರಲಿ, ಜಮೀನಿನ ಪತ್ರ ಮನೆಯಲ್ಲಿರಲಿ



ನಿಮ್ಮ ಮಗ ಟರ್ನರ್ ಕೆಲಸ ಕಲಿತಿದ್ದಾನೆ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲೋ, ಮಾಗಡಿ ರಸ್ತೆ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲೋ ನಾಲ್ಕೈದು ವರ್ಷ ಬೇರೆಯವರ ಲೇತಿನ ಮುಂದೆ ನಿಂತು ಕೈ ಪಳಗಿದೆ. ಈಗ ಊರಿಗೆ ಬಂದು, "ಅಪ್ಪಾ, ನಂದೇ ಒಂದು ಹೊಸ ಲೇತ್ ಹಾಕ್ತೀನಿ, ಜಮೀನಿನ ಮೇಲೆ ಸಾಲ ಎತ್ತಿಕೊಡು" ಅಂತಾನೆ. ಆಸೆ ತಪ್ಪಲ್ಲ. ಮಳೆ ನಂಬಿ ಕೂತ ಮನೆಗೆ ಇನ್ನೊಂದು ದುಡಿಮೆ ಬೇಕೇ ಬೇಕು. ಆದರೆ ಸಹಿ ಹಾಕುವ ಮುಂಚೆ ಅಪ್ಪ ಮಗ ಕೂತು ಲೆಕ್ಕ ಹಾಕಿ.

ಹೊಸ ಲೇತಿಗೆ 3 ಲಕ್ಷ ಎಂದೇ ಇಟ್ಟುಕೊಳ್ಳೋಣ. ಶೇಕಡ 18ರಂತೆ ಜಿ.ಎಸ್.ಟಿ. 54 ಸಾವಿರ. ದೊಡ್ಡ ಕಾರ್ಖಾನೆಯವನು ಈ ಹಣವನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ತಾನೆ. ನೋಂದಣಿ ಇಲ್ಲದ ನಿಮ್ಮ ಮಗನಿಗೆ ಆ ಸವಲತ್ತಿಲ್ಲ, ಪೂರ್ತಿ ಹೊರೆ ಅವನ ತಲೆಗೇ. ಒಟ್ಟು 3,54,000. ಶೇಕಡ 12ರ ಬಡ್ಡಿಯೆಂದರೆ ಮೊದಮೊದಲು ತಿಂಗಳಿಗೆ ಮೂರೂವರೆ ಸಾವಿರ ಬರೀ ಬಡ್ಡಿಗೇ ಹೋಯಿತು. ಮೇಲೆ ಅಸಲಿನ ಕಂತು, ಶೆಡ್ಡಿನ ಬಾಡಿಗೆ, ಕರೆಂಟಿನ ಬಿಲ್ಲು. ಜಾಬ್ ವರ್ಕ್ ಕೊಡುವವನು ದುಡ್ಡು ಕೊಡೋದು ಯಾವಾಗಲೋ. ಆರ್ಡರ್ ನಿಂತರೆ ಲೇತ್ ನಿಲ್ಲುತ್ತೆ, ಬಡ್ಡಿ ನಿಲ್ಲಲ್ಲ. ಬೆಳೆ ಸಾಲದಲ್ಲಿ ನಾವು ಕಂಡದ್ದೂ ಇದನ್ನೇ ಅಲ್ಲವೇ?

ಅದಕ್ಕೇ ನಾನು ಹೇಳೋದು: ಮೊದಲ ಲೇತ್ ಹಳೆಯದೇ ಆಗಲಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಯಿತು. ಅದು ಮಾಡಿದ ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ.ಯ ಹಳೇ ಲೇತುಗಳೂ ಹಾಗೇ. ತೂಕದ ಎರಕದ ಬೆಡ್ಡು ಅದುರುವುದು ಕಡಿಮೆ. ಅಗ್ಗಕ್ಕೆ ಸಿಗುವ ತೆಳು ಮೈಯ ಹೊಸ ಲೇತಿಗಿಂತ ಇಂಥದ್ದು ಎಷ್ಟೋ ವಾಸಿ.

ಹಾಗಂತ ಹಳೆಯದ್ದೆಲ್ಲ ಚಿನ್ನ ಅಲ್ಲ. ಘಾಟಿ ದನದ ಜಾತ್ರೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತು ಕೊಳ್ತೀರಾ? ಹೊಸ ಬಣ್ಣ ಬಳಿದ ಲೇತ್ ಅಂದರೆ ಕೊಂಬಿಗೆ ಬಣ್ಣ ಹಚ್ಚಿದ ಎತ್ತು. ಬಣ್ಣ ಬಿಡಿ, ಬೆಡ್ಡು ನೋಡಿ. ಸವೆಯೋದು ಚಕ್ಕಿನ ಪಕ್ಕದಲ್ಲಿ, ಯಾಕಂದ್ರೆ ಕೆಲಸವೆಲ್ಲ ನಡೆಯೋದು ಅಲ್ಲೇ. ಸ್ಯಾಡಲನ್ನು ಆ ತುದಿಯಿಂದ ಈ ತುದಿಗೆ ಓಡಿಸಿ. ಚಕ್ಕಿನ ಹತ್ತಿರ ಸಡಿಲ, ಹಿಂದಿನ ಕೊನೆಯಲ್ಲಿ ಬಿಗಿ ಅಂದರೆ ಬೆಡ್ಡು ತಿಂದುಹೋಗಿದೆ. ಅರ್ಧ ಗಂಟೆ ಓಡಿಸಿ ಗೇರಿನ ಸದ್ದು ಕೇಳಿ, ಬೇರಿಂಗ್ ಇರುವ ಕಡೆ ಕೈಯಿಟ್ಟು ಬಿಸಿ ನೋಡಿ. ಒಂದು ದಪ್ಪ ಸರಳು ಕಚ್ಚಿಸಿ ಟರ್ನಿಂಗ್ ಮಾಡಿಸಿ, ಎರಡು ತುದಿಯಲ್ಲೂ ಮೈಕ್ರೋಮೀಟರ್ ಹಿಡಿಯಿರಿ. ಮರೆ ಹಾಕಿಸಿಯೂ ನೋಡಿ, ಲೀಡ್ ಸ್ಕ್ರೂವಿನ ಬಂಡವಾಳ ಆಗ ಗೊತ್ತಾಗುತ್ತೆ. ಚೇಂಜ್ ಗೇರುಗಳು ಪೂರ್ತಿ ಇವೆಯೇ ಎಣಿಸಿಕೊಳ್ಳಿ. ಮಾರುವವನು ಓಡಿಸಿ ತೋರಿಸೋಕೆ ಒಪ್ಪದಿದ್ದರೆ ಕೈಮುಗಿದು ಬಂದುಬಿಡಿ. ರಿಪೇರಿಗೆ ಅಂತ ಒಂದಿಷ್ಟು ದುಡ್ಡು ಬೇರೆ ಇಟ್ಟುಕೊಂಡೇ ಹೋಗಿ.

ಹೊಸದು ಬೇಡವೇ ಬೇಡ ಅನ್ನುತ್ತಿಲ್ಲ. ಕೂದಲೆಳೆ ಅಳತೆಯ ಕೆಲಸ, ಕೈಯಲ್ಲಿ ಖಾಯಂ ಆರ್ಡರ್ ಎರಡೂ ಇದ್ದರೆ ಹೊಸದು ತನ್ನ ಸಾಲ ತಾನೇ ತೀರಿಸೀತು. ಪಂಪಿನ ಶಾಫ್ಟು, ಬುಷ್ಷು, ಟ್ರಾಕ್ಟರ್ ಪಿನ್ನು ಮಾಡೋಕೆ ಅದು ಬೇಕಿಲ್ಲ.

ಇನ್ನೊಂದು ಮಾತು. ಹಳೆಯದಕ್ಕೆ ಸಾಲ ಸಿಗೋದು ಕಷ್ಟ, ಹೊಸದಕ್ಕೆ ಸುಲಭ ಅಂತ ಮಗ ಹೇಳಬಹುದು. ಸಾಲ ಸುಲಭ ಅನ್ನೋದು ಕೊಳ್ಳೋಕೆ ಕಾರಣ ಆಗಬಾರದು. ತೆಗೆಯಲೇಬೇಕಾಗಿ ಬಂದರೂ ಒಂದು ತಿಳಿದಿರಲಿ: ಸಣ್ಣ ಉದ್ದಿಮೆಗೆ ಕೊಡುವ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಆದೇಶ ಮಾಡಿದೆ. ಮ್ಯಾನೇಜರು ಜಮೀನಿನ ಪತ್ರ ತನ್ನಿ ಅಂದರೆ, ಈ ಆದೇಶ ತೋರಿಸಿ, ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ.

ಲೇತ್ ಕೆಟ್ಟರೆ ಗುಜರಿಗಾದರೂ ಬೆಲೆ ಇದೆ. ಹರಾಜಾದ ಹೊಲ ತಿರುಗಿ ಬರಲ್ಲ. ಮಗನ ಕೈಕಸುಬು ಹೊಲವನ್ನು ಉಳಿಸಬೇಕೇ ಹೊರತು ನುಂಗಬಾರದು.