ಕೋಲು ಮುರಿಯುವ ಮುನ್ನ



ಈದ್ ಕಳೆದ ವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಸಿಟ್ಟಿನಲ್ಲಿದ್ದಳು. ಪಿಯುಸಿ ಓದುವ ಮಗ ಪೂಲ್ ಆಟದ ಕೋಲೊಂದನ್ನು ಕೊಂಡು ತಂದಿದ್ದ. ಈಗ ಅದರ ತುದಿ ಸರಿಪಡಿಸುವ ಸಾಧನಕ್ಕೆ ಮತ್ತೆ ಹಣ ಕೇಳುತ್ತಿದ್ದ. "ನೀನು ಉಸ್ತಾದ್ ಅಲ್ಲವಾ, ಬುದ್ಧಿ ಹೇಳು. ಇಲ್ಲದಿದ್ದರೆ ಮುರಿದು ಒಲೆಗೆ ಹಾಕುತ್ತೇನೆ" ಎಂದಳು.

ನಾನು ಹುಡುಗನ ಪಕ್ಕ ಕೂತು, "ಕೋಲಿಗೆ ಏನಾಗಿದೆ?" ಎಂದು ಕೇಳಿದೆ. ಅವನ ಮುಖ ಅರಳಿತು. "ಮಾಮ, ತುದಿಯಲ್ಲಿರುವ ಚರ್ಮ ಹೊಡೆದು ಹೊಡೆದು ಚಪ್ಪಟೆಯಾಗಿದೆ. ನುಣುಪಾದರೆ ಚಾಕ್ ಹಿಡಿಯುವುದಿಲ್ಲ. ಚೆಂಡಿನ ಬದಿಗೆ ಹೊಡೆದರೆ ಜಾರುತ್ತದೆ. ಅದು ನಾಣ್ಯದ ಅಂಚಿನಷ್ಟು ಬಾಗಿರಬೇಕು, ತುಸು ಒರಟಾಗಿಯೂ ಇರಬೇಕು" ಎಂದ.

"ಹಾಗಾದರೆ ನಾವೇ ಮಾಡೋಣ" ಎಂದೆ. ಹಿತ್ತಲಲ್ಲಿ ಪಿವಿಸಿ ಪೈಪಿನ ತುಂಡುಗಳಿದ್ದವು. ಒಂದು ರೂಪಾಯಿ ನಾಣ್ಯ ಒಳಗೆ ಸರಿಯಾಗಿ ಕೂರುವಂಥದ್ದನ್ನು ಆರಿಸಿದೆವು. ಮೂರು ಇಂಚು ಕತ್ತರಿಸಿ, ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಎರಡು ಹೋಳು ಮಾಡಿದೆವು. ಒಂದು ಹೋಳಿನ ಒಳಮೈಗೆ 120ರ ಸ್ಯಾಂಡ್ ಪೇಪರನ್ನು ಚಪ್ಪಲಿಗೆ ಹಚ್ಚುವ ಅಂಟಿನಿಂದ ಅಂಟಿಸಿ ಒಣಗಲು ಬಿಟ್ಟೆವು. ಅಸರ್ ನಮಾಝಿನ ಬಳಿಕ ಆ ದೋಣಿಯಂಥ ತುಂಡಿನೊಳಗೆ ಕೋಲಿನ ತುದಿಯನ್ನಿಟ್ಟು, ಕೋಲನ್ನು ತಿರುಗಿಸುತ್ತಾ ಮೆಲ್ಲಗೆ ಉಜ್ಜಿದ. ಚರ್ಮ ಗುಂಡಗಾಯಿತು. ಜೋರಾಗಿ ಉಜ್ಜಿದರೆ ಚರ್ಮ ಬೇಗ ಸವೆಯುತ್ತದೆ. ಕೋಲಿನ ಮರಕ್ಕೆ ಸ್ಯಾಂಡ್ ಪೇಪರ್ ತಾಗಲೇಬಾರದು. ಕೋಲನ್ನು ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆಂದೂ ಅವನೇ ನನಗೆ ಕಲಿಸಿದ.

ನಮ್ಮ ಪ್ರವಾದಿಯವರು (ಸ) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಇದನ್ನು ಮಕ್ಕಳಿಗೆ ನಾವು ಎಷ್ಟೋ ಸಲ ಹೇಳಿದ್ದೇವೆ. ಆದರೆ ಅವರೊಂದಿಗೆ ಕೂತು ಏನನ್ನಾದರೂ ರಿಪೇರಿ ಮಾಡಿದ್ದು ಎಷ್ಟು ಸಲ?

ಕೆಲಸ ಮುಗಿದ ಮೇಲೆ ಕೇಳಿದೆ: "ಟೇಬಲ್ ಬಾಡಿಗೆ ಯಾರು ಕೊಡುವುದು?"

"ಸೋತವರು, ಮಾಮ. ಅಲ್ಲಿ ಹಾಗೇ ರೂಢಿ."

ನಿಜವಾಗಿ ಆತಂಕಪಡಬೇಕಾದ್ದು ಇಲ್ಲಿ. ಸೋತವನೇ ಇಬ್ಬರ ಹಣ ತೆರುವ ಷರತ್ತು ಜೂಜಿಗೆ ಸೇರುತ್ತದೆಂದು ಉಲಮಾಗಳು ಹೇಳುತ್ತಾರೆ. ಅವನಿಗೆ ಅಷ್ಟನ್ನೇ ತಿಳಿಸಿದೆ. "ಬಾಡಿಗೆಯನ್ನು ಮೊದಲೇ ಸಮನಾಗಿ ಹಂಚಿಕೊಳ್ಳಿ. ಒಪ್ಪದವರ ಜೊತೆ ಆಡಬೇಡ. ಆಟದ ನಡುವೆ ಬಾಂಗ್ ಕೇಳಿದರೆ ಕೋಲು ಕೆಳಗಿಡು." ತಲೆ ತಗ್ಗಿಸಿ ಕೇಳಿದ, ವಾದಿಸಲಿಲ್ಲ. ಬಂದ ಕೂಡಲೇ ಇದನ್ನೇ ಹೇಳಿದ್ದರೆ ಎದ್ದು ಹೋಗುತ್ತಿದ್ದನೇನೋ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಬಾಡಿಗೆ ಹಂಚಿಕೊಳ್ಳಲು ಇಬ್ಬರು ಗೆಳೆಯರು ಒಪ್ಪಿದ್ದಾರಂತೆ, ಒಬ್ಬ ನಕ್ಕು ಹೋದನಂತೆ. ಕೋಲು ಇನ್ನೂ ಒಲೆ ಸೇರಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಕೋಲೋ, ಬ್ಯಾಟೋ ಇರಬಹುದು. ಮುರಿಯುವ ಮುನ್ನ ಒಮ್ಮೆ ಮಗನ ಪಕ್ಕದಲ್ಲಿ ಕೂತು ನೋಡಿ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ಆಮೀನ್.