ವರುಷಕ್ಕೊಮ್ಮೆ ಹಾರ, ವರುಷವಿಡೀ ಗಟಾರ

ಕಳೆದ ಭಾನುವಾರ ನಮ್ಮ ಓಣಿಯ ನಾಗರಿಕರ ಸಂಘದ ವಾರ್ಷಿಕ ಸಭೆ ನಡೆಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಕುರ್ಚಿಗೊಂದು ಶಾಲು, ಶಾಲಿಗೊಂದು ಹಾರ. ಹತ್ತು ಗಂಟೆಗೆ ಬರಬೇಕಾಗಿದ್ದ ಅಧಿಕಾರಿ ಮಹಾಶಯರು ಹನ್ನೆರಡಕ್ಕೆ ದಯಮಾಡಿಸಿದರು. ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಬಂದಿದ್ದ ಗಿರಣಿಯ ಸಂಗಾತಿಗಳು ಅಷ್ಟರಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದರು. ಪ್ರಾರ್ಥನೆ, ಸ್ವಾಗತ, ಪರಿಚಯ, ಹಾರ, ಫೋಟೋ ಎಲ್ಲ ಮುಗಿದಾಗ ಗಂಟೆ ಒಂದೂಕಾಲು. ಜನರ ಅಹವಾಲಿಗೆ ಉಳಿದದ್ದು ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷದಲ್ಲಿ ನಡೆದದ್ದನ್ನು ಓದುಗರು ತಿಳಿಯಬೇಕು. ಐದು ದಿನಕ್ಕೊಮ್ಮೆ ನೀರು ಬಿಡುತ್ತೀರಿ, ಅದೂ ಹಗಲು ಹನ್ನೊಂದಕ್ಕೆ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದ ಮನೆಯಲ್ಲಿ ಕೊಡ ಹಿಡಿಯುವವರು ಯಾರು ಎಂದು ಒಬ್ಬ ತಾಯಿ ಎದ್ದು ಕೇಳಿದರು. "ಪರಿಶೀಲಿಸೋಣ" ಎಂದಿತು ವೇದಿಕೆ. ಗಟಾರ ಒಡೆದು ಹೊಲಸು ನೀರು ಹಿಂದಿನ ಸಾಲಿನ ಮನೆಗಳ ಹೊಸ್ತಿಲು ದಾಟುತ್ತಿದೆ ಎಂದರು ಇನ್ನೊಬ್ಬರು. "ಮೇಲಿನವರ ಗಮನಕ್ಕೆ ತರೋಣ" ಎಂದಿತು ವೇದಿಕೆ. ಮೇಲಿನವರು ಅಲ್ಲೇ ಮಧ್ಯದ ಕುರ್ಚಿಯಲ್ಲಿ ಕುಳಿತಿದ್ದರು!

ಮನೆಗೆ ಬಂದು ನಾವು ಸಂಘದ ನಡಾವಳಿ ಪುಸ್ತಕವನ್ನು ತಿರುವಿ ನೋಡಿದೆವು. ಹೋದ ವರ್ಷದ ಪುಟದಲ್ಲಿ ಇದೇ ಏಳು ಬೇಡಿಕೆ. ಅದರ ಹಿಂದಿನ ವರ್ಷವೂ ಇದೇ ಏಳು, ಇದೇ ಕ್ರಮದಲ್ಲಿ. ಒಂದೇ ಒಂದು ಕಡೆ ಪ್ರಗತಿ ಕಂಡಿತು: ಉರಿಯದ ಬೀದಿದೀಪಗಳ ಸಂಖ್ಯೆ ಮೂರರಿಂದ ಎಂಟಕ್ಕೆ ಏರಿದೆ.

ಆದರೆ ಸಭೆಯಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಬೇಡಿಕೆ ಕೂಡಲೇ ಈಡೇರಿತು. ದೊಡ್ಡ ರಸ್ತೆಯ ಅಂಗಡಿಕಾರರೊಬ್ಬರು ಎದ್ದು, ತಳ್ಳುಗಾಡಿಗಳಿಂದ ಗಿರಾಕಿಗಳಿಗೆ ದಾರಿಯಿಲ್ಲ, ಅವನ್ನು ಎತ್ತಿಸಬೇಕು ಎಂದರು. ಅಲ್ಲಿಯತನಕ ಗಡಿಯಾರ ನೋಡುತ್ತಿದ್ದ ಅಧಿಕಾರಿಗಳು ಚುರುಕಾದರು. "ಖಂಡಿತ!" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮರುದಿನ ಬೆಳಗಿನ ಏಳಕ್ಕೆ ಲಾರಿ ಬಂತು. ಹನ್ನೊಂದು ಗಾಡಿಗಳು, ತಕ್ಕಡಿಗಳು, ಟೊಮ್ಯಾಟೊ, ಬಾಳೆಹಣ್ಣು, ಸೊಪ್ಪು ಎಲ್ಲವನ್ನೂ ಹೇರಿಕೊಂಡು ಹೋಯಿತು. ಚೀಟಿಯಿಲ್ಲ, ನೋಟೀಸಿಲ್ಲ. ಭಾನುವಾರ ಚಪ್ಪಾಳೆ ತಟ್ಟಿದ್ದ ಗಿರಣಿ ಕಾರ್ಮಿಕರೊಬ್ಬರು ಸೋಮವಾರ ಪಾಳಿ ಮುಗಿಸಿ ಬಂದಾಗ, ಹೆಂಡತಿ ಖಾಲಿ ಕೈಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದರು. ಎತ್ತಿಕೊಂಡು ಹೋದದ್ದರಲ್ಲಿ ಅವರ ಗಾಡಿಯೂ ಒಂದು. ಆ ಸಂಗಾತಿ ನಮ್ಮ ಮುಂದೆ ಬಂದು ನಿಂತು, "ನಾನೂ ಕೈ ತಟ್ಟಿದೆನಲ್ಲ ಸ್ವಾಮಿ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ನಾವೂ ತಟ್ಟಿದ್ದೆವು.

ಇನ್ನು ಕಾನೂನನ್ನು ನೋಡೋಣ. ಬೀದಿ ವ್ಯಾಪಾರಿಗಳ ಕಾಯಿದೆ 2014ರಲ್ಲಿ ಪಾರ್ಲಿಮೆಂಟು ಮಾಡಿದ್ದು. ಊರಿನ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವತನಕ ಯಾರನ್ನೂ ಎಬ್ಬಿಸಕೂಡದು ಎಂದು ಅದು ಹೇಳುತ್ತದೆ. ಎಬ್ಬಿಸುವುದಾದರೂ ಮೂವತ್ತು ದಿನದ ನೋಟೀಸು ಕೊಡಬೇಕು. ಮಾಲು ಹಿಡಿದರೆ ಪಟ್ಟಿ ಬರೆದು ಅದರ ಪ್ರತಿ ಕೊಡಬೇಕು. ಕೊಳೆಯುವ ಮಾಲನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಕ್ಕೆ ಕೊಡಬೇಕು. ವ್ಯಾಪಾರದ ಜಾಗ ಗೊತ್ತುಮಾಡುವ ವಿಷಯದಲ್ಲಿ ಮಾತಾಡಬೇಕಾದ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ, ತಮ್ಮೊಳಗೆ ಚುನಾಯಿತರಾಗಿ ಬಂದು ಕುಳಿತಿರಬೇಕು. ಏಳು ಬೇಡಿಕೆಗಳಿಗೆ ಕಾನೂನು, ನಿಯಮ, ಮೇಲಿನವರು ಎಂದು ಅಡ್ಡ ಹಿಡಿದವರಿಗೆ ಎಂಟನೆಯದಕ್ಕೆ ಮಾತ್ರ ಯಾವ ಕಾನೂನೂ ನೆನಪಿಗೆ ಬರಲಿಲ್ಲವೆ?

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ನಿಮ್ಮ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಬಾಡಿಗೆ, ಲೈಸೆನ್ಸು, ಕಂದಾಯ, ಸಾಲದ ಬಡ್ಡಿ ಎಲ್ಲ ನಿಮ್ಮ ಹೆಗಲ ಮೇಲಿದೆ. ಆದರೆ ನಿಮ್ಮ ಗಿರಾಕಿಯನ್ನು ಕಸಿದವಳು ಸೊಪ್ಪು ಮಾರುವ ಹೆಂಗಸೆ? ಇಡೀ ದೇಶಕ್ಕೆ ಒಂದೇ ಗೋದಾಮಿನ ಲೆಕ್ಕದಲ್ಲಿ ಮಾಲು ಕೊಂಡು ಮನೆ ಬಾಗಿಲಿಗೆ ಮುಟ್ಟಿಸುವ ದೊಡ್ಡ ಬಂಡವಾಳದವರ ಮೇಲೆ ಯಾವ ಲಾರಿಯೂ ಬರುವುದಿಲ್ಲ. ಸಂತೆಗೆ ಬಂದವರು ಸೊಪ್ಪು ಕೊಂಡ ಮೇಲೆ ನಿಮ್ಮ ಅಂಗಡಿಗೆ ಹತ್ತಿ ಬೇಳೆ ಒಯ್ಯುತ್ತಿದ್ದರು. ಈ ವಾರ ಗಾಡಿಗಳಿಲ್ಲ. ನಿಮ್ಮ ಗಲ್ಲಾಪೆಟ್ಟಿಗೆ ಎಷ್ಟು ಏರಿತೆಂದು ನೀವೇ ಹೇಳಿ.

ಹಣವಿಲ್ಲ ಎಂಬುದು ವೇದಿಕೆಯ ಇನ್ನೊಂದು ಮಂತ್ರ. ಹಾಗಾದರೆ ಕಂದಾಯದ ರಸೀದಿಯನ್ನು ಕೈಗೆ ತೆಗೆದುಕೊಳ್ಳಿ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ ಆರೋಗ್ಯ ಕರ ಹದಿನೈದು ಪೈಸೆ, ಗ್ರಂಥಾಲಯ ಕರ ಆರು ಪೈಸೆ, ಭಿಕ್ಷುಕರ ಕರ ಮೂರು ಪೈಸೆ. ಒಟ್ಟು ಇಪ್ಪತ್ತನಾಲ್ಕು ಪೈಸೆ. ಗ್ರಂಥಾಲಯ ಕರ 1965ರ ಕಾಯಿದೆಯಿಂದ ಬಂದದ್ದು. ನಮ್ಮ ಓಣಿಯ ವಾಚನಾಲಯಕ್ಕೆ ಬೀಗ ಬಿದ್ದು ಎರಡು ವರ್ಷವಾಯಿತು. ಅಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ನಿವೃತ್ತ ಕಾರ್ಮಿಕರು ಈಗ ಚಹದಂಗಡಿಯ ಬೆಂಚಿನ ಮೇಲೆ, ಚಹ ಕೊಳ್ಳದೆ ಕುಳಿತದ್ದಕ್ಕೆ ಬೈಸಿಕೊಳ್ಳುತ್ತಿದ್ದಾರೆ. ಆ ಆರು ಪೈಸೆ ಎಲ್ಲಿಗೆ ಹೋಯಿತು? ಆರೋಗ್ಯ ಕರದ ಹದಿನೈದು ಪೈಸೆ ಯಾವ ಗಟಾರದಲ್ಲಿ ಕೊಚ್ಚಿಹೋಯಿತು? (ಭಿಕ್ಷುಕರ ಕರದ ಬಗ್ಗೆ ನಾವು ಕೇಳುವುದಿಲ್ಲ. ವರ್ಷಕ್ಕೊಮ್ಮೆ ಬೇಡುವವರನ್ನು ಅದೇ ಶಾಮಿಯಾನದಡಿ ಒಟ್ಟುಗೂಡಿಸುತ್ತಿದ್ದಾರಲ್ಲ!)

ಮುಖ್ಯವಾದ ಮಾತು ಇದು. ಈ ವಾರ್ಷಿಕ ಸಭೆ ಅವರು ಕೊಡುವ ಭಿಕ್ಷೆ; ಕಾನೂನು ನಮಗೆ ಕೊಟ್ಟಿರುವುದು ಹಕ್ಕು. ಸಂವಿಧಾನದ 74ನೆಯ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ವಾರ್ಡು ಸಮಿತಿಗಳು ಇರಲೇಬೇಕೆಂದು ಅದು ವಿಧಿಸಿತು. ನಮ್ಮ ರಾಜ್ಯದ ಪಾಲಿಕೆಗಳಿಗೆ ಇದರ ನಿಯಮಾವಳಿ ಬಂದದ್ದು 2016ರಲ್ಲಿ. ಸಂವಿಧಾನದ ಒಂದು ಮಾತು ದಿಲ್ಲಿಯಿಂದ ವಾರ್ಡಿಗೆ ನಡೆದು ಬರಲು ಇಪ್ಪತ್ತಮೂರು ವರ್ಷ! ಎತ್ತಿನ ಗಾಡಿಯಾದರೂ ಇಷ್ಟರಲ್ಲಿ ಎಷ್ಟು ಸಲ ಹೋಗಿ ಬರುತ್ತಿತ್ತು? ಆ ನಿಯಮದಂತೆ ವಾರ್ಡಿನ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಜನರ ಸಮಿತಿ. ಅದರಲ್ಲಿ ಮೂವರಾದರೂ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ, ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಸಭೆ ತಿಂಗಳಿಗೊಮ್ಮೆ. ವರ್ಷಕ್ಕಲ್ಲ, ತಿಂಗಳಿಗೆ!

ಲೋಹಿಯಾ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದರು. ಆಳುವವರಿಗೆ ಮೇಲಿನ ಎರಡು ಕಂಬಗಳೇ ಸಾಕಾಗಿವೆ. ರಾಜಧಾನಿಯನ್ನೇ ನೋಡಿ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆಯ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನ ಹೇಳುತ್ತದೆ. ಐದು ವರ್ಷದ ಮೇಲೆ ಅವರು ಮಾಡಿದ್ದು ಒಂದು ಪಾಲಿಕೆಯನ್ನು ಐದು ಪಾಲಿಕೆಯಾಗಿ ಒಡೆದದ್ದು. ಒಂದರಲ್ಲೂ ಚುನಾಯಿತರಿಲ್ಲದಾಗ ಐದಾದರೇನು, ಐವತ್ತಾದರೇನು?

ತಪ್ಪು ಅವರದು ಮಾತ್ರವಲ್ಲ. ವರ್ಷದ ವಂತಿಗೆಯಲ್ಲಿ ಹೆಚ್ಚಿನ ಪಾಲು ಶಾಲು, ಹಾರ, ಶಾಮಿಯಾನಕ್ಕೆ ಖರ್ಚಾದದ್ದು ಸಂಘದ ಜಮಾಖರ್ಚಿನಲ್ಲೇ ಇದೆ. ನಮ್ಮ ಹಿರಿಯರು ವೇದಿಕೆಯ ಕುರ್ಚಿಗಾಗಿ ಹಣಾಹಣಿ ನಡೆಸಿದರೇ ಹೊರತು, ಹೋದ ವರ್ಷ ಮಾತು ಕೊಟ್ಟಿರಲ್ಲ, ಏನಾಯಿತು ಎಂದು ಕೇಳಲು ಒಬ್ಬರೂ ಏಳಲಿಲ್ಲ. ತಳ್ಳುಗಾಡಿಯ ಹೆಂಗಸರನ್ನು ಸಭೆಗೆ ಕರೆದವರೂ ಇಲ್ಲ. ವಂತಿಗೆ ಕೊಡದವರು ಓಣಿಯವರಲ್ಲವೆ?

ಬುಧವಾರ ರಾತ್ರಿ ಹದಿನೆಂಟು ಜನ ಗಿರಣಿ ಬಾಗಿಲ ಚಹದಂಗಡಿಯಲ್ಲಿ ಸೇರಿದ್ದೆವು. ಇಬ್ಬರು ಅಂಗಡಿಕಾರರೂ ಬಂದಿದ್ದರು. ವಾರ್ಡು ಸಮಿತಿ ಎಲ್ಲಿದೆ, ಅದರ ಸದಸ್ಯರು ಯಾರು, ನಡಾವಳಿ ಎಲ್ಲಿ, ಮೂರು ಕರಗಳ ಲೆಕ್ಕವೇನು ಎಂದು ಮಾಹಿತಿ ಹಕ್ಕಿನ ಅರ್ಜಿ ಬರೆದು, ಹತ್ತು ರೂಪಾಯಿ ಕಟ್ಟಿ ಗುರುವಾರ ಕೊಟ್ಟಾಗಿದೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಹನ್ನೊಂದು ಗಾಡಿಗಳಲ್ಲಿ ಇಂದಿನವರೆಗೆ ಹಿಂದಕ್ಕೆ ಬಂದದ್ದು ನಾಲ್ಕು. ಉಳಿದ ಏಳಕ್ಕಾಗಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪಾಲಿಕೆಯ ಬಾಗಿಲಲ್ಲಿ ಸೇರುತ್ತೇವೆ. ಎರಡನೆಯ ಪಾಳಿಯವರು ಬಂದು ಹೋಗಲು ಸಮಯವಿದೆ. ಕಂದಾಯದ ರಸೀದಿ ಇದ್ದವರು ತನ್ನಿ. ಹಾರ ಬೇಡ.